ತಂಗಿಯ ಪರ್ಸಿಗೊಂದು ಕಬ್ಬಿಣ

ನಂಜನಗೂಡಿನ ಅಂಗಡಿ ಬೀದಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಾನು ಅಯಸ್ಕಾಂತ ಹಿಡಿದುಕೊಂಡು ನಿಂತ ಮಧ್ಯಾಹ್ನದಿಂದಲೇ ಇದನ್ನು ಶುರು ಮಾಡಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅಯಸ್ಕಾಂತ ನಮ್ಮ ಶಾಲೆಯ ಪ್ರಯೋಗಾಲಯದ್ದು, ಒಂದು ತುದಿಯ ಕೆಂಪು ಬಣ್ಣ ಕಿತ್ತುಹೋಗಿದ್ದ ಹಳೆಯದು. ಯಾರಿಗೂ ಹೇಳದೆ ಅದನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಬಂದಿದ್ದೆ. ಮೂಢನಂಬಿಕೆ ಬಿಡುತ್ತೇವೆ ಎಂದು ವರ್ಷಕ್ಕೊಂದು ಸಲ ಮಕ್ಕಳ ಕೈಯಲ್ಲಿ ಪ್ರಮಾಣ ಮಾಡಿಸುವವಳು ನಾನೇ. ಅಂಥವಳು ತಂಗಿಯ ಬಸಿರು ನಿಲ್ಲಲಿ ಎಂದು ಕಬ್ಬಿಣ ಹುಡುಕಿಕೊಂಡು ಹೊರಟಿದ್ದೆ. ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ, ಹಾಗಾಗಿ ಅಂಗಡಿಯವನ ಮೇಲೆ ಕಾರಣವಿಲ್ಲದೆ ರೇಗುತ್ತಿದ್ದೆ.

ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ನಾನು ಮದುವೆಯ ಗೋಜಿಗೆ ಹೋಗದೆ ನಂಜನಗೂಡಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇನೆ. ಅವಳನ್ನು ಇದೇ ತಾಲ್ಲೂಕಿನ ಹದಿನಾರು ಎಂಬ ಊರಿಗೆ ಕೊಟ್ಟಿದೆ. ಗಂಡ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಾನೆ, ಒಳ್ಳೆಯವನು. ಅವಳಿಗೆ ಎರಡು ಸಲ ಬಸಿರಾಗಿ ಎರಡು ಸಲವೂ ಐದನೇ ತಿಂಗಳಲ್ಲಿ ಹೋಗಿತ್ತು. ಎರಡು ಸಲವೂ ಹೆಮ್ಮಿಗೆಯ ತವರಿಗೆ ಬಂದ ವಾರದೊಳಗೆ. ಎಲ್ಲ ಪರೀಕ್ಷೆ ಮಾಡಿಸಿದ್ದೆವು. ಏನೂ ತೊಂದರೆ ಕಾಣುತ್ತಿಲ್ಲ, ಕೆಲವು ಸಲ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು. ಎರಡನೆಯ ಸಲ ಆದಮೇಲೆ ತಂಗಿ ಒಂದು ತಿಂಗಳು ಮಾತೇ ಆಡಲಿಲ್ಲ. ಮೂರನೆಯದೂ ಹೋದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ಉಳಿಯುವುದಿಲ್ಲ ಎಂದರೆ ಹಾಗೇ ಅರ್ಥ, ಸುತ್ತಿಬಳಸಿ ಹೇಳುವುದೇನೂ ಇಲ್ಲ.

ಮೂರನೆಯ ಸಲ ಮೂರು ತಿಂಗಳು ತುಂಬಿದಾಗ ಅವಳು ಚೆಕಪ್ಪಿಗೆಂದು ನಂಜನಗೂಡಿಗೆ ಬಂದು ನನ್ನ ಮನೆಯಲ್ಲಿ ಊಟಕ್ಕೆ ಕೂತಳು. ಮುದ್ದೆ ಮುರಿದು ಹಾಗೇ ಬಿಟ್ಟಳು. ಯಾಕೆ ಎಂದು ಗದರಿದೆ. ಆಗ ಹೇಳಿದಳು.

"ಅಕ್ಕ, ನರಸೀಪುರದ ಬಸ್‌ಸ್ಟ್ಯಾಂಡಲ್ಲಿ ಒಬ್ಳು ಹೆಂಗಸು ಬತ್ತಾಳೆ."

ಎರಡು ಸಲವೂ ಬಂದಿದ್ದಳಂತೆ. ಅಪ್ಪ ಹದಿನಾರಿಗೆ ಹೋಗಿ ತಂಗಿಯನ್ನು ಕರೆದುಕೊಂಡು ಬರುತ್ತಿದ್ದ. ನರಸೀಪುರದಲ್ಲಿ ಇಳಿದು ಹೆಮ್ಮಿಗೆಯ ಬಸ್ಸು ಹತ್ತಬೇಕು. ಅಪ್ಪ ಬಸ್ಸು ವಿಚಾರಿಸಲು ಹೋದ ಹೊತ್ತಿನಲ್ಲಿ, ಮಟಮಟ ಮಧ್ಯಾಹ್ನ, ಕಲ್ಲುಬೆಂಚಿನ ಮೇಲೆ ಕೂತಿದ್ದ ಇವಳ ಪಕ್ಕಕ್ಕೆ ಒಬ್ಬ ಹೆಂಗಸು ಬಂದು ಕೂತಳು. ಹೊಳೆಯಲ್ಲಿ ಮುಳುಗಿ ಎದ್ದು ಬಂದವಳ ಹಾಗೆ ಸೀರೆಯ ಸೆರಗಿನಿಂದ ನೀರು ಇಳಿಯುತ್ತಿತ್ತು. ನರಸೀಪುರದಲ್ಲಿ ಅದೇನು ವಿಶೇಷವಲ್ಲ. ಎರಡು ಹೊಳೆ ಸೇರುವ ಊರು, ಸ್ನಾನ ಮಾಡಿದವರು, ಅಸ್ಥಿ ಬಿಟ್ಟವರು ಒದ್ದೆ ಬಟ್ಟೆಯಲ್ಲೇ ಬಸ್ಸಿಗೆ ಬರುತ್ತಾರೆ.

"ಎಷ್ಟು ತಿಂಗ್ಳು ಅಂತ ಕೇಳಿದ್ಲು. ಅವ್ವ ಹೇಳ್ಕೊಟ್ಟಿದ್ಲಲ್ಲ, ನಾನು ಮೂರು ಅಂದೆ. ಅವ್ಳು ನಕ್ಬುಟ್ಟು, 'ಮೂರಲ್ಲ, ಐದು' ಅಂದ್ಲು. ಹೊಟ್ಟೆ ಮುಟ್ಟಿದ್ಲು. ಎದ್ದು ಹೊಂಟೋದ್ಲು."

"ಎರಡನೆ ಸಲ?"

"ಅದೇ ಸೀರೆ. ಅದೇ ಮಾತು. ಅವ್ಳಿಗೆ ಹೆಂಗಕ್ಕ ಗೊತ್ತಾಯ್ತದೆ?"

ಹೊಟ್ಟೆ ನೋಡಿದರೆ ಮಕ್ಕಳನ್ನು ಹೆತ್ತ ಯಾವ ಹೆಂಗಸಿಗಾದರೂ ತಿಳಿಯುತ್ತದೆ, ತಿನ್ನು ಸುಮ್ಮನೆ ಎಂದು ಬೈದೆ. ಬೈದ ಮೇಲೆ ನನಗೂ ಮುದ್ದೆ ಇಳಿಯಲಿಲ್ಲ. ತಂಗಿ ಸಣ್ಣ ಮೈಯವಳು, ಐದನೇ ತಿಂಗಳಲ್ಲೂ ಸೀರೆ ಉಟ್ಟರೆ ಹೊಟ್ಟೆ ಕಾಣುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ತಿಂಗಳಿನ ಲೆಕ್ಕವನ್ನು ಹೊರಗಿನವರಿಗೆ ಸರಿಯಾಗಿ ಹೇಳಬಾರದು ಎನ್ನುವುದು ನಮ್ಮ ಕಡೆಯ ಹಳೆಯ ಪದ್ಧತಿ. ಒಂದೆರಡು ತಿಂಗಳು ಕಮ್ಮಿ ಹೇಳುತ್ತಾರೆ. ಅವ್ವನೂ ಹಾಗೇ. ಅಪ್ಪನಿಗೆ ಅದು ಕಂಡರಾಗದು. ಅಪ್ಪ ಬಸ್ ಕಂಡಕ್ಟರಾಗಿದ್ದವನು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಬೌದ್ಧ ದೀಕ್ಷೆ ತೆಗೆದುಕೊಂಡ. ಆ ವಾರವೇ ಗೋಡೆಯ ಮೇಲಿನ ಪಟಗಳು ಇಳಿದವು, ನಮ್ಮ ಸೊಂಟದ ಕರಿದಾರ, ತೋಳಿನ ತಾಯಿತ ಎಲ್ಲ ಹೋದವು. ಬಾಗಿಲ ಮೇಲೆ ಅಜ್ಜಿ ಸಿಕ್ಕಿಸಿದ್ದ ಕುಡುಗೋಲನ್ನು ತೆಗೆದು, ಕಬ್ಬಿಣ ಇರೋದು ಕೆಲಸಕ್ಕೆ ಎಂದು ಹೊಲಕ್ಕೆ ತೆಗೆದುಕೊಂಡು ಹೋದ. ಅಂದಿನಿಂದ ಇಂದಿನವರೆಗೆ ದಿನಾ ಬೆಳಿಗ್ಗೆ ಪಂಚಶೀಲ ಹೇಳುತ್ತಾನೆ. ಐದರಲ್ಲಿ ಸುಳ್ಳಾಡಬಾರದು ಎನ್ನುವುದನ್ನು ಅವನಷ್ಟು ಕಟ್ಟುನಿಟ್ಟಾಗಿ ಹಿಡಿದವರನ್ನು ನಾನು ನೋಡಿಲ್ಲ. ಮದುವೆ ಮಾತುಕತೆಗೆ ಬಂದವರ ಮುಂದೆಯೇ, ನನ್ನ ದೊಡ್ಡ ಮಗಳಿಗೆ ಮೂಗಿನ ತುದಿಯಲ್ಲಿ ಕೋಪ ಎಂದು ಹೇಳಿದ ಮಹಾನುಭಾವ. ನನಗೆ ಮದುವೆಯಾಗದ್ದಕ್ಕೆ ಅವನದೂ ಅಷ್ಟಿಷ್ಟು ಕೈಯಿದೆ ಎಂದು ನಾನು ಇವತ್ತಿಗೂ ರೇಗಿಸುತ್ತೇನೆ.

ತಂಗಿ ಬಂದುಹೋದ ಮರುವಾರ ಅವ್ವ ಒಬ್ಬಳೇ ಬಂದಳು. ಅವ್ವ ಒಬ್ಬಳೇ ಬಸ್ಸು ಹತ್ತಿ ಬರುವವಳಲ್ಲ. ನೀರು ಕುಡಿದು, ಬಾಗಿಲು ಹಾಕು ಎಂದಳು.

"ಅವ್ಳಿಗೊಂದು ಕಬ್ಣ ಬೇಕು ಕಣವ್ವ. ಬಸ್ರಿ ಎಂಗ್ಸು ಕಬ್ಣ ಇಲ್ದೆ ಒಸ್ಲು ದಾಟ್ಬಾರ್ದು. ಎರ್ಡು ಕಿತಾನೂ ನಿಮ್ಮಪ್ಪುನ್ ಮಾತ್ ಕೇಳ್ಕೊಂಡು ಬರಿಗೈಲಿ ಓಡಾಡ್ಸ್ದೆ."

"ಒಂದು ಮೊಳೆ ಇಟ್ಕೊಳ್ಳಕ್ಕೆ ಹೇಳು, ಆಯ್ತಲ್ಲ."

"ಮೊಳೆ ನೋಡುದ್ರೆ ನಿಮ್ಮಪ್ಪುನ್ಗೆ ತಿಳ್ಯಲ್ವಾ? ಕೆಲ್ಸದ್ ಸಾಮಾನ್ ಥರ ಕಾಣ್ಬೇಕು."

ಅವ್ವನ ಷರತ್ತುಗಳು ಒಂದೊಂದೇ ಹೊರಬಂದವು. ಕಬ್ಬಿಣವೇ ಆಗಿರಬೇಕು. ಹರಿತ ಇರಬೇಕು, ಆದರೆ ಬಾಯಿ ಮುಚ್ಚಿರಬೇಕು. ತೆರೆದ ಅಲಗು ಹೊಟ್ಟೆಯ ಕಡೆ ತಿರುಗಬಾರದು. ಭಾರ ಇರಬಾರದು. ದಿನಾ, ಮನೆ ಹಿಂದಿನ ನಲ್ಲಿಯ ಹತ್ತಿರ ಹೋದರೂ, ಅವಳ ಜೊತೆಗಿರಬೇಕು. ಕೊಡುವಾಗ ಕೈಯಿಂದ ಕೈಗೆ ಕೊಡಬಾರದು, ಕೆಳಗಿಟ್ಟು ಅವಳೇ ಎತ್ತಿಕೊಳ್ಳಬೇಕು. ನನಗೆ ನಗು ಬಂತು. ಫೋನಿನಲ್ಲಿ ನನ್ನ ಶಾಲೆಯ ಸಹೋದ್ಯೋಗಿಗಳು ತೋರಿಸುತ್ತಿದ್ದ ಮಲ್ಟಿಟೂಲ್ ಎಂಬ ಸಾಮಾನು ಇದೇ ಅಲ್ಲವೇ ಅಂದುಕೊಂಡೆ. ಚಾಕು, ತಿರುಪುಳಿ, ಬಾಟಲಿ ಓಪನರ್ ಎಲ್ಲ ಒಂದರೊಳಗೊಂದು ಮಡಚಿಕೊಂಡಿರುವ, ದಿನಾ ಜೇಬಿನಲ್ಲಿಟ್ಟುಕೊಂಡು ಓಡಾಡುವ ಸಾಮಾನು. ಮೂರು ಸಂಜೆ ಕೂತು ಫೋನಿನಲ್ಲಿ ಅದರ ಬಗ್ಗೆ ಓದಿದೆ. ಯಾವುದು ಬೆಟ್ಟ ಹತ್ತುವವರಿಗೆ, ಯಾವುದು ಮೀನು ಹಿಡಿಯುವವರಿಗೆ ಎಂದೆಲ್ಲ ಬರೆದಿದ್ದರು. ಬಸುರಿಯರಿಗೆ ಯಾವುದು ಎಂದು ಯಾರೂ ಬರೆದಿರಲಿಲ್ಲ.

ಹೀಗೆ ಅಯಸ್ಕಾಂತದ ಜೊತೆ ಅಂಗಡಿಗೆ ಹೋದದ್ದು. ಸ್ಟೀಲು ಅಂದರೂ ಅದು ಕಬ್ಬಿಣವೇ ಎಂದು ನಾನು ಅವ್ವನಿಗೆ ಪಾಠ ಮಾಡಿದ್ದೆ. ಅವ್ವ ಒಪ್ಪಿರಲಿಲ್ಲ. ಅಯಸ್ಕಾಂತ ಹಿಡಿದುಕೊಳ್ಳುವ ಸ್ಟೀಲಾದರೆ ಆಗಬಹುದು ಎಂದು ನಾವಿಬ್ಬರೂ ರಾಜಿಯಾಗಿದ್ದೆವು. ಅಂಗಡಿಯವನು ಗಾಜಿನ ಮೇಲೆ ನಾಲ್ಕು ಇಟ್ಟ. ಮೊದಲನೆಯದು ಬಿಚ್ಚಿದರೆ ಇಕ್ಕಳವಾಗುವ ದಪ್ಪನೆಯದು, ಲೈನ್‌ಮನ್‌ಗಳು ತೆಗೆದುಕೊಳ್ಳುವಂಥದ್ದು. ಕೈಯಲ್ಲಿ ಹಿಡಿದರೆ ತಕ್ಕಡಿ ಕಲ್ಲಿನಷ್ಟು ಭಾರ. ಎರಡನೆಯದು ಎಟಿಎಂ ಕಾರ್ಡಿನಂಥ ತೆಳು ತಗಡು, ಸುತ್ತ ಹಲ್ಲು, ತೂತು. ಅದಕ್ಕೆ ಅಯಸ್ಕಾಂತ ಹಿಡಿಯಲೇ ಇಲ್ಲ. ಮೂರನೆಯದು ಕೆಂಪು ಪ್ಲಾಸ್ಟಿಕ್ಕಿನ ಹೊದಿಕೆಯ ಪುಟ್ಟ ಸಾಮಾನು. ಚಾಕು, ಉಗುರುಜ್ಜುವ ಅರ, ಕತ್ತರಿ. ಅಯಸ್ಕಾಂತ ಟಕ್ಕೆಂದು ಹಿಡಿಯಿತು. ಹಗುರವಾಗಿತ್ತು, ಚೆನ್ನಾಗಿಯೂ ಇತ್ತು. ಇದನ್ನೇ ಕೊಡಿ ಎಂದೆ.

"ಅದು ಬೇಡ ಮೇಡಂ. ಅದ್ರಲ್ಲಿ ಕತ್ರಿ ಇದೆ."

"ಕತ್ತರಿ ಇದ್ರೆ ಏನಾಯ್ತು? ಇದು ಲ್ಯಾಬಿಗೆ."

ಅವನು ನನ್ನ ಅಯಸ್ಕಾಂತವನ್ನು ನೋಡಿದ. ಮುಖದಲ್ಲಿ ನಗುವೇನೂ ಇರಲಿಲ್ಲ.

"ಮ್ಯಾಗ್ನೆಟ್ ತಗೊಂಡ್ ಬರೋರು ಅದಕ್ಕೇ ಬರೋದು ಮೇಡಂ. ಹೋದ ತಿಂಗಳು ಒಬ್ರು ಡಾಕ್ಟ್ರಮ್ಮ ಬಂದಿದ್ರು, ಮಗಳಿಗೆ ಅಂತ. ಬಸುರಿ ಹೆಣ್ಮಗಳಿಗೆ ಎರಡು ಬಾಯಿರೋ ಕಬ್ಬಿಣ ಕೊಡಲ್ಲ."

ಹೊರಗೆ ಸುಡುವ ಬಿಸಿಲು. ಬೀದಿಯಲ್ಲಿ ಆಟೋಗಳು ಹಾರ್ನ್ ಹಾಕುತ್ತಿದ್ದವು. ನನಗೆ ಮಾತ್ರ ಕತ್ತಿನ ಹಿಂದೆ ಯಾರೋ ಊದಿದ ಹಾಗೆ ತಣ್ಣಗಾಯಿತು. ಈ ಊರಿನಲ್ಲಿ ಓದಿದವರು, ಡಾಕ್ಟರು, ಮೇಡಂಗಳು ಎಲ್ಲರೂ ಹೀಗೆ ಒಬ್ಬರಿಗೊಬ್ಬರು ಹೇಳದೆ ಅಯಸ್ಕಾಂತ ಹಿಡಿದುಕೊಂಡು ಓಡಾಡುತ್ತಿದ್ದಾರೆ ಎಂದಾದರೆ, ಅವರೆಲ್ಲ ಹೆದರುತ್ತಿರುವುದು ಯಾರಿಗೆ?

ಕಡೆಗೆ ನಾಲ್ಕನೆಯದು ಆಯಿತು. ಬೆರಳುದ್ದ, ಮೈಯೆಲ್ಲ ಸ್ಟೀಲು, ಒಂದು ಚಾಕು, ಒಂದು ತಿರುಪುಳಿ, ಒಂದು ಓಪನರ್. ಅಯಸ್ಕಾಂತ ಹಿಡಿಯಿತು. ಚಾಕುವನ್ನು ಹೊರಗೆಳೆಯಲು ಅಲಗಿನಲ್ಲಿ ಉಗುರು ಸಿಕ್ಕಿಸುವ ಗೀರು ಇತ್ತು. ಎಷ್ಟು ಬಿಗಿ ಎಂದರೆ ನನ್ನ ಉಗುರು ಮುರಿದುಹೋಯಿತು. ತಾನಾಗಿ ತೆರೆದುಕೊಳ್ಳುವ ಭಯವಿಲ್ಲ ಎಂದು ಅದೇ ನನಗೆ ಹಿಡಿಸಿತು. ಪ್ಯಾಕ್ ಮಾಡಿ ಎಂದೆ. ಅವನು ಅದನ್ನು ಒಳಗಿಟ್ಟುಬಿಟ್ಟ.

"ಇವತ್ತು ಶನಿವಾರ ಮೇಡಂ. ಬೇರೆ ಕೆಲ್ಸಕ್ಕಾದ್ರೆ ಕೊಡ್ತಿದ್ದೆ. ಸೋಮವಾರ ಬನ್ನಿ."

ಸೋಮವಾರ ಹೋಗಿ ತಂದೆ. ಹದಿನಾರಿಗೆ ಹೋಗಿ ತಂಗಿಯ ಮನೆಯ ಜಗಲಿಯ ಮೇಲೆ ಇಟ್ಟೆ. ಅವಳು ಬಗ್ಗಿ ಎತ್ತಿಕೊಂಡು ಪರ್ಸಿಗೆ ಹಾಕಿಕೊಂಡಳು. ಅಷ್ಟಕ್ಕೇ ಅವಳ ಮುಖ ಇಷ್ಟು ಸಡಿಲವಾಗುತ್ತದೆ ಎಂದು ಗೊತ್ತಿದ್ದರೆ ಮೂರು ವರ್ಷದ ಹಿಂದೆಯೇ ತಂದುಕೊಡುತ್ತಿದ್ದೆ. ಆ ಹೊತ್ತಿಗೆ ನನಗೆ ಅಳು ಬಂತು, ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ.

ಈ ಸಲ ಐದನೇ ತಿಂಗಳಲ್ಲಿ ಅವಳನ್ನು ಎಲ್ಲಿಗೂ ಕಳಿಸಲಿಲ್ಲ. ಶಾಲೆಯಲ್ಲಿ ಪಾಠ ಮಾಡುತ್ತಿದ್ದರೂ ನನ್ನ ಕಿವಿ ಫೋನಿನ ಮೇಲೆಯೇ ಇರುತ್ತಿತ್ತು. ಐದು ಕಳೆಯಿತು. ಆರು ಕಳೆಯಿತು. ಏಳನೇ ತಿಂಗಳಲ್ಲಿ ತವರಿಗೆ ಕರೆದುಕೊಂಡು ಬರುವುದು ಎಂದಾಯಿತು. ಅಪ್ಪ ಹೊರಟ. ನಾನೂ ರಜೆ ಹಾಕಿ ಜೊತೆಗೆ ಹೋದೆ. ಕಾರು ಮಾಡಿಕೊಂಡು ಹೋಗೋಣ ಎಂದು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. ಆವತ್ತು ಅವನ ಹಟಕ್ಕೆ ಕಾರಣ ಜಿಪುಣತನ ಅಂದುಕೊಂಡಿದ್ದೆ.

ನರಸೀಪುರದಲ್ಲಿ ಇಳಿದಾಗ ಹನ್ನೆರಡೂವರೆ. ಬಸ್‌ಸ್ಟ್ಯಾಂಡು ಬಿಕೋ ಎನ್ನುತ್ತಿತ್ತು. ಒಂದು ಬಸ್ಸು ಡ್ರೈವರಿಲ್ಲದೆ ನಿಂತಿತ್ತು. ಕಡಲೆಕಾಯಿ ಮಾರುವವಳು ಬುಟ್ಟಿಗೆ ಬಟ್ಟೆ ಮುಚ್ಚಿ ಗೋಡೆಗೊರಗಿ ನಿದ್ದೆ ಹೋಗಿದ್ದಳು. ತಂಗಿ ಅದೇ ಕಲ್ಲುಬೆಂಚಿನ ಮೇಲೆ ಕೂತಳು. ನಾನು ಬೇಡ ಎಂದೆ, ಕಾಲು ನೋಯುತ್ತದೆ ಎಂದಳು. ಪರ್ಸಿನೊಳಗೆ ಕೈ ಹಾಕಿ ಆ ಸಾಮಾನನ್ನು ಹಿಡಿದುಕೊಂಡಿದ್ದಳು. ಅಪ್ಪ ಬಸ್ಸು ವಿಚಾರಿಸುತ್ತೇನೆ ಎಂದು ಕಂಟ್ರೋಲರ್ ಕೋಣೆಯ ಕಡೆ ಹೋದ.

ಯಾವ ಹೆಂಗಸೂ ನಮ್ಮ ಹತ್ತಿರ ಬರಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ. ಆದರೆ ಅಪ್ಪ ಬರುವುದು ತಡವಾಯಿತು ಎಂದು ಆ ಕಡೆ ತಿರುಗಿದಾಗ, ಅವನು ದೂರದ ಕಂಬದ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಎದುರಿಗಿದ್ದವರು ಏನೋ ಕೇಳುತ್ತಿದ್ದಾರೆ, ಇವನು ಉತ್ತರ ಕೊಡಲೊಲ್ಲ, ಹಾಗೆ. ಒಂದು ಸಲ ತಲೆ ಅಡ್ಡಡ್ಡ ಆಡಿಸಿದ. ಇನ್ನೊಂದು ಸಲ ಆಡಿಸಿದ. ಎದುರಿಗೆ ನನಗೆ ಯಾರೂ ಕಾಣಲಿಲ್ಲ. ಕಂಬದ ಆಚೆ ಬದಿ ನನಗೆ ಕಾಣುವ ಹಾಗಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ವಾಪಸು ಬಂದ ಅಪ್ಪನ ಮುಖ ಬಿಳುಚಿಕೊಂಡಿತ್ತು. ಬಸ್ಸು ಲೇಟು ಎಂದಷ್ಟೇ ಹೇಳಿದ. ಬಸ್ಸು ಐದು ನಿಮಿಷಕ್ಕೆ ಬಂತು. ಹತ್ತಲು ಹೋಗುವಾಗ ಆ ಕಂಬವನ್ನು ದಾಟಿಕೊಂಡು ಹೋದೆವು. ನೆಲದ ಮೇಲೆ ಒಂದು ಆಳು ನಿಲ್ಲುವಷ್ಟು ಜಾಗ ಒದ್ದೆಯಾಗಿತ್ತು. ಬಿಸಿಲಿಗೆ ಅಂಚಿನಿಂದ ಒಣಗುತ್ತಿತ್ತು. ಯಾರಾದರೂ ಬಾಟಲಿಯ ನೀರು ಚೆಲ್ಲಿರಬೇಕು. ತಂಗಿಗೆ ಕಾಣದ ಹಾಗೆ ನಾನು ಆ ಬದಿಗೆ ಬಂದು ನಡೆದೆ.

ಹೆಮ್ಮಿಗೆಯಲ್ಲಿ ಇನ್ನೊಂದು ಶುರುವಾಯಿತು. ತಂಗಿ ಪರ್ಸನ್ನು ತನ್ನ ಹಾಸಿಗೆಯ ತಲೆದೆಸೆಯ ಮೊಳೆಗೆ ನೇತುಹಾಕಿ ಮಲಗುತ್ತಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಒಳಗೆ ಚಾಕು ತೆರೆದುಕೊಂಡಿರುತ್ತಿತ್ತು. ಮೊದಲ ದಿನ ತಾನೇ ಮರೆತಿರಬೇಕು ಅಂದುಕೊಂಡಳು. ಮುಚ್ಚಿ ಇಟ್ಟಳು. ಮರುದಿನ ಬೆಳಿಗ್ಗೆ ಮತ್ತೆ ತೆರೆದಿತ್ತು. ನಾಲ್ಕನೇ ದಿನ ನನಗೆ ಫೋನು ಮಾಡಿ ಪಿಸುಗುಟ್ಟಿದಳು.

"ಅಕ್ಕ, ಯಾರೋ ತೆಗೀತಾವ್ರೆ. ಅವ್ಳು ಮನೆ ಒಳೀಕೇ ಬಂದ್ಬುಟ್ಟವ್ಳೆ."

"ಹುಚ್ಚುಚ್ಚಾಗಿ ಮಾತಾಡ್ಬೇಡ ಕಣೇ. ಸ್ಪ್ರಿಂಗು ಸಡಿಲ ಆಗಿರುತ್ತೆ."

ಭಾನುವಾರ ಹೋಗಿ ನೋಡಿದೆ. ಸ್ಪ್ರಿಂಗು ಸಡಿಲವಾಗಿರಲಿಲ್ಲ. ನಾನು ಸುಮ್ಮನಿರುವವಳಲ್ಲ, ಮಕ್ಕಳಿಗೆ ಪ್ರಯೋಗ ಮಾಡಿ ನೋಡಿ ಎಂದು ಹೇಳಿಕೊಡುವವಳು. ಬಾಗಿಲು ಹಾಕಿಕೊಂಡು ಆ ಪರ್ಸನ್ನು ಕೈ ಸೋಲುವವರೆಗೆ ಕುಲುಕಿದೆ, ಎತ್ತಿ ಹಾಕಿದೆ, ಗೋಡೆಗೆ ಬಡಿದೆ. ಚಾಕು ಒಂದು ಸಲವೂ ತೆರೆದುಕೊಳ್ಳಲಿಲ್ಲ. ಅವ್ವನನ್ನು ಕೇಳಿದೆ. ಅವಳು ಕೆನ್ನೆ ಬಡಿದುಕೊಂಡಳು. ಬಾಯಿ ಮುಚ್ಚಿರಬೇಕು ಎಂದು ಷರತ್ತು ಹಾಕಿದವಳೇ ಅವಳು, ಅವಳು ಯಾಕೆ ತೆರೆಯುತ್ತಾಳೆ? ತಂಗಿಗೆ ನಿದ್ದೆಯಲ್ಲಿ ನಡೆಯುವ ಅಭ್ಯಾಸವಿಲ್ಲ. ಅಪ್ಪನಿಗೆ ಅದು ಏನೆಂದೇ ಗೊತ್ತಿಲ್ಲ. ಒಮ್ಮೆ ತಂಗಿ ದಾರ ಕತ್ತರಿಸಲು ಅದನ್ನು ತೆಗೆದಾಗ ನೋಡಿ, ಒಳ್ಳೆ ಸಾಮಾನು ಎಂದಿದ್ದ, ಅಷ್ಟೇ. ಅಲ್ಲಿಗೆ ನನ್ನ ವಿಜ್ಞಾನ ಮುಗಿಯಿತು. ಆ ಸಂಜೆ ನಂಜನಗೂಡಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಸೆರಗು ಒದ್ದೆಯೇ ಎಂದು ಕದ್ದು ನೋಡಿದೆ. ನನಗೆ ಹೆದರಿಕೆಯಾಗಿತ್ತು. ಇಷ್ಟು ವರ್ಷದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು.

ಒಂಬತ್ತು ತುಂಬುತ್ತಿದ್ದಂತೆ ಎಲ್ಲರನ್ನೂ ನನ್ನ ಮನೆಗೆ ಕರೆತಂದೆ. ನರ್ಸಿಂಗ್ ಹೋಮು ಅಲ್ಲಿಂದ ಹತ್ತಿರ. ನೋವು ಕಾಣಿಸಿಕೊಂಡದ್ದು ಬೆಳಿಗ್ಗೆ ತಿಂಡಿಯ ಹೊತ್ತಿಗೆ. ಆಟೋದಲ್ಲಿ ತಂಗಿ ಪರ್ಸನ್ನು ಎದೆಗವಚಿಕೊಂಡು ಕೂತಿದ್ದಳು. ಹೆರಿಗೆ ಕೋಣೆಯ ಬಾಗಿಲಲ್ಲಿ ಸಿಸ್ಟರ್ ಬಳೆ, ಸರ, ಕಾಲುಂಗುರ ಎಲ್ಲ ತೆಗೆಸಿದಳು. ಪರ್ಸನ್ನೂ ಹೊರಗೆ ಕೊಟ್ಟುಬಿಡಿ ಎಂದಳು. ತಂಗಿ ಬಿಡಲಿಲ್ಲ. ಸಿಸ್ಟರ್ ಬೆರಳು ಬಿಡಿಸಿ ತೆಗೆದು ನನ್ನ ಕೈಗಿಟ್ಟಳು. ಜೊತೆಗೆ ಒಬ್ಬರು ಬರಬಹುದು ಎಂದದ್ದಕ್ಕೆ ಅವ್ವ ಒಳಗೆ ಹೋದಳು. ಬಾಗಿಲು ಮುಚ್ಚುವಾಗ ತಂಗಿ ನನ್ನನ್ನು ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ.

ಅವಳ ಗಂಡ ಶಿಫ್ಟು ಬಿಟ್ಟು ಬರುತ್ತಿದ್ದ. ಪಡಸಾಲೆಯ ಬೆಂಚಿನ ಮೇಲೆ ಅಪ್ಪ ಮತ್ತು ನಾನು. ಪರ್ಸನ್ನು ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೆ. ಹನ್ನೊಂದಾಯಿತು, ಹನ್ನೆರಡಾಯಿತು. ಒಳಗಿನಿಂದ ಕೂಗು ಕೇಳುತ್ತಿತ್ತು. ಮಧ್ಯೆ ಡಾಕ್ಟರು ಬಿರುಸಾಗಿ ಒಳಗೆ ಹೋದರು. ಕೂಗು ನಿಂತಿತು. ನಿಂತದ್ದು ಹೆಚ್ಚು ಹೆದರಿಸಿತು. ಒಳಗೆ ನುಗ್ಗಿ ಆ ಕಬ್ಬಿಣವನ್ನು ಅವಳ ಕೈಯಲ್ಲಿಟ್ಟು ಬರಬೇಕು ಎಂದು ಎರಡು ಸಲ ಎದ್ದೆ. ಪಕ್ಕದಲ್ಲಿ ಅಪ್ಪ ಕೂತಿದ್ದಾನೆ ಎಂಬ ನಾಚಿಕೆಗೆ ಎರಡು ಸಲವೂ ಕೂತೆ.

"ಅದ್ನ ತಗ್ದು ಕೆಳ್ಗಿಡು" ಎಂದ ಅಪ್ಪ.

"ಯಾವುದನ್ನ?"

"ನಿನ್ ಬ್ಯಾಗ್ನಲ್ಲಿರೋದ್ನ. ಕೈಗ್ ಕೊಡ್ಬ್ಯಾಡ. ಕೆಳ್ಗಿಡು."

ಪರ್ಸಿನೊಳಗಿನ ಆ ಸಾಮಾನನ್ನು ತೆಗೆದು ನೆಲದ ಮೇಲಿಟ್ಟೆ. ಅಪ್ಪ ಬಗ್ಗಿ ಎತ್ತಿಕೊಂಡ. ನನ್ನ ಉಗುರು ಮುರಿದಿದ್ದ ಆ ಗೀರಿಗೆ ಅವನ ಹೆಬ್ಬೆರಳಿನ ಉಗುರು ಹುಡುಕದೆ ತಡವರಿಸದೆ ಸೀದಾ ಹೋಗಿ ಕೂತಿತು. ಚಾಕು ತೆರೆದುಕೊಂಡಿತು. ಎದ್ದು ಹೋಗಿ ಹೆರಿಗೆ ಕೋಣೆಯ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಹಿಂದೆ, ಅಲಗು ಹೊರಮುಖವಾಗಿ ಬರುವ ಹಾಗೆ ಅದನ್ನು ಇಟ್ಟು ಬಂದು ಕೂತ.

"ಅಪ್ಪ, ನೀನಾ ದಿನಾ ತೆಗೀತಿದ್ದದ್ದು?"

"ಮುಚ್ಚಿಟ್ರೆ ಏನ್ ಕಾಯ್ತದೆ ಅದು? ನಮ್ಮವ್ವ ತೆಗ್ದೇ ಇಡೋಳು. ಈ ಹುಡ್ಗಿ ಮುಚ್ಚೋಳು, ನಾನು ತೆಗ್ಯೋನು."

ಸಿಟ್ಟು ಬರಬೇಕಾಗಿತ್ತು. ನನ್ನ ಸೊಂಟದ ದಾರ ಕಿತ್ತವನು, ಅಜ್ಜಿಯ ಕುಡುಗೋಲನ್ನು ಇಳಿಸಿದವನು. ಆದರೆ ಬರಲಿಲ್ಲ. ಅವನು ಎದುರಿನ ಗೋಡೆ ನೋಡಿಕೊಂಡು ಮೆಲ್ಲಗೆ ಹೇಳಿದ.

"ಈ ಹುಡ್ಗಿ ಮೂರು ಅಂತ ಸುಳ್ ಹೇಳಿದ್ಲಂತೆ. ಐದು ಅಂತ ಹೇಳ್ದೋನು ನಾನು ಕಣವ್ವ. ಬಸ್ ಕೇಳಕ್ಕೆ ಓದ್ನಲ್ಲ, ಅಲ್ಲಿ ಒಬ್ಳು ಎಂಗ್ಸು ಬಂದು, ಆ ಬೆಂಚ್ ಮೇಲಿರೋ ಹುಡ್ಗೀಗೆ ಎಷ್ಟು ತಿಂಗ್ಳು ಅಂತ ಕೇಳಿದ್ಲು. ಐದು ಅಂದೆ. ಬಸ್ ಎಲ್ಗೋಯ್ತದೆ ಅಂದ್ರೆ ಎಲ್ಗೋಯ್ತದೆ ಅಂತ ಹೇಳ್ಕೊಂಡೇ ಬದ್ಕಿದೋನು. ಕೇಳ್ದೋರ್ಗೆ ಹೇಳ್ದೆ, ಅಷ್ಟೇಯ."

"ಎರಡನೆ ಸಲ?"

ಅಪ್ಪ ಹೆಗಲಿನ ಟವೆಲ್ಲು ತೆಗೆದು ತೊಡೆಯ ಮೇಲೆ ಮಡಚಿಟ್ಟುಕೊಂಡ.

"ಎರಡ್ನೆ ಸಲ ಅವ್ಳೇ ಅಂತ ಗೊತ್ತಾಯ್ತು. ಗೊತ್ತಿದ್ದೂ ಹೇಳ್ದೆ. ಹೇಳ್ನಿಲ್ಲ ಅಂದ್ರೆ ನಾನು ಎದ್ರುಕೊಂಡಂಗಾಯ್ತದಲ್ಲ, ಇಷ್ಟು ವರ್ಷ ಬುಟ್ಟಿದ್ನೆಲ್ಲ ತಿರ್ಗಾ ನಂಬ್ದಂಗಾಯ್ತದಲ್ಲ ಅಂತ, ಬೇಕೂಂತ್ಲೇ, ಗಟ್ಟಿಯಾಗಿ, ಐದು ಅಂತ ಹೇಳ್ದೆ. ಮೂರ್ನೆ ಸಲಾನೂ ಬತ್ತಾಳಾ ನೋಡಾವ ಅಂತ ಕಾರು ಬ್ಯಾಡ ಅಂದೆ. ಬಂದ್ಲು. ಕೇಳಿದ್ಲು. ಬಾಯ್ ಬುಡ್ನಿಲ್ಲ."

ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಪ್ಪ, ಕಾಕತಾಳೀಯ ಎಂದು ಹೇಳಲು ಬಾಯಿ ತೆರೆದೆ. ದಿನಾ ಮಕ್ಕಳಿಗೆ ಹೇಳುವ ಮಾತು. ಹೊರಗೆ ಬರಲಿಲ್ಲ. ಎರಡು ಮಕ್ಕಳ ಭಾರವನ್ನು ಈ ಮನುಷ್ಯ ಒಬ್ಬನೇ, ಯಾರಿಗೂ ಹೇಳದೆ, ಹೊತ್ತುಕೊಂಡು ತಿರುಗಿದ್ದಾನೆ. ಪಂಚಶೀಲ ಹೇಳುವಾಗ, ಸುಳ್ಳಾಡಬಾರದು ಎನ್ನುವ ಆ ನಾಲ್ಕನೆಯದು ಬಂದಾಗ ದಿನಾ ಬೆಳಿಗ್ಗೆ ಅವನಿಗೆ ಏನಾಗುತ್ತಿತ್ತೋ. ಅಪ್ಪನ ಕೈ ಹಿಡಿದುಕೊಂಡೆ. ಚಿಕ್ಕವಳಿದ್ದಾಗ ಬಿಟ್ಟ ಮೇಲೆ ಅವನ ಕೈ ಹಿಡಿದದ್ದು ಆವತ್ತೇ.

ಒಂದು ಗಂಟೆಯ ಸುಮಾರಿಗೆ ಒಳಗೆ ಮಗು ಅತ್ತಿತು. ಮೊದಲು ಸಣ್ಣಗೆ, ಆಮೇಲೆ ಗಂಟಲು ಬಿಚ್ಚಿ. ಸಿಸ್ಟರ್ ಬಾಗಿಲು ಅರ್ಧ ತೆರೆದು, ಹೆಣ್ಮಗು, ಇಬ್ರೂ ಚೆನ್ನಾಗಿದಾರೆ ಎಂದು ಹೇಳಿ ಮುಚ್ಚಿಕೊಂಡಳು. ಅಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ತಂಗಿ ಬದುಕಿದಳು ಎಂಬುದೊಂದೇ ತಲೆಯಲ್ಲಿತ್ತು.

ಆಗ ಪಡಸಾಲೆಯ ಆ ತುದಿಯಿಂದ ಒಬ್ಬ ಹೆಂಗಸು ನಡೆದು ಬಂದಳು. ಕೈಯಲ್ಲಿ ಊಟದ ಕ್ಯಾರಿಯರ್. ಯಾರದೋ ಮನೆಯವಳು, ಯಾವುದೋ ವಾರ್ಡಿಗೆ ಊಟ ತಂದವಳು. ಆಸ್ಪತ್ರೆಯಲ್ಲಿ ಅಂಥವರು ಹತ್ತು ಜನ. ಕ್ಯಾರಿಯರ್ ತೊಳೆದುಕೊಂಡು ಬಂದಿದ್ದಳೋ ಏನೋ, ಸೆರಗಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲಿಗೆ ನಾಲ್ಕು ಮಾರು ದೂರದಲ್ಲೇ ನಿಂತಳು. ನಮ್ಮನ್ನು ನೋಡಿ ಅಕ್ಕರೆಯಿಂದಲೇ ಕೇಳಿದಳು.

"ನಿಮ್ದೇನಾ ಅಳ್ತಾ ಇರೋದು? ಏನ್ ಮಗು?"

ಅಪ್ಪ ಟವೆಲ್ಲು ಇಳಿಸಿದ. ಅವಳ ಮುಖವನ್ನು ನೇರವಾಗಿ ನೋಡಿದ. ಜೀವಮಾನದಲ್ಲಿ ಸುಳ್ಳಾಡದ ನಮ್ಮಪ್ಪ, ಸ್ವಲ್ಪವೂ ತೊದಲದೆ ಹೇಳಿದ.

"ನಮ್ದಲ್ಲ ಕಣವ್ವ. ನಮಗ್ಯಾವ ಮಗೂನೂ ಇಲ್ಲ. ಬೇರೆಯೋರ್ನ ನೋಡ್ಕೊಂಡು ಓಗಕ್ ಬಂದಿದ್ದೋ."

ಅವಳು ನನ್ನ ಕಡೆ ತಿರುಗಿದಳು. ನಿಜವೇ ಎಂದು ಕೇಳುವ ಹಾಗೆ ಹುಬ್ಬೇರಿಸಿದಳು. ಒಳಗೆ ಮಗು ಅಳುತ್ತಲೇ ಇತ್ತು.

"ಹೌದು, ನಮ್ದಲ್ಲ" ಎಂದೆ.